ಎಡತೋಳಿನ ಹೊಲಿಗೆ

ಝಿಪ್ಪಿನ ಸದ್ದು. ಸೊಂಟದಿಂದ ಗಂಟಲಿನವರೆಗೆ ಒಂದೇ ಎಳೆತಕ್ಕೆ ಏರಿತು, ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಮಸ್ಕಿ ಸಂತೆಯ ಅಷ್ಟು ಗದ್ದಲದಲ್ಲೂ ನನಗದು ಸ್ಪಷ್ಟವಾಗಿ ಕೇಳಿಸಿತು. ಹಳೆಯ ಕಪ್ಪು ಲೆದರ್ ಜಾಕೆಟ್ ತೊಟ್ಟು ನನ್ನ ತಮ್ಮ ಮದುಮಗನ ಹಾಗೆ ನಗುತ್ತಾ ನಿಂತಿದ್ದ.

ಅವನಿಗಾಗ ಅರವತ್ತೊಂದು. ರಿಟೈರ್ ಆದ ಮೇಲೆ ದಢೇಸುಗೂರಿನ ಗದ್ದೆಯನ್ನು ತಾನೇ ನೋಡಿಕೊಳ್ಳುತ್ತಿದ್ದ. ಸಿಂಧನೂರಿನಿಂದ ನಸುಕಿಗೇ ಬೈಕ್ ಹತ್ತುವನು. ನೀರು ನಿಂತ ಗದ್ದೆಗಳ ಮೇಲಿನ ಚಳಿಗಾಳಿಗೆ ಕೆಮ್ಮು ಹಿಡಿದು, ಎದೆ ಬೆಚ್ಚಗಿಟ್ಟುಕೊಳ್ಳಿ ಎಂದು ಡಾಕ್ಟರ್ ಹೇಳಿದ್ದರು. ಸ್ವೆಟರ್ ಹಾಕಿದರೆ ಮುದುಕನಾದಂತೆ ಎಂಬ ಹಟ ಅವನದು.

ನನ್ನನ್ನು ಕರೆದೊಯ್ದದ್ದು ಮಾಲು ನೋಡಲಿಕ್ಕೆ. ನಾನು ಓದಿದ್ದು ಕಾನ್ವೆಂಟಿನಲ್ಲಿ. ಆಮೇಲೆ ಲಿಂಗಸುಗೂರಿನಲ್ಲಿ ವರ್ಷಗಟ್ಟಲೆ ಹುಡುಗಿಯರಿಗೆ ನೀಡಲ್‌ವರ್ಕ್ ಕಲಿಸಿದೆ. ಯಾವ ಬಟ್ಟೆಯನ್ನಾದರೂ ಮೊದಲು ಒಳಮೈ ತಿರುಗಿಸಿ ನೋಡಬೇಕೆಂದು ನಮ್ಮ ಸಿಸ್ಟರ್ ಹೇಳುತ್ತಿದ್ದರು. ಹೊರಗಿನದು ಮ್ಯಾನರ್ಸ್, ಒಳಗಿನದು ಕ್ಯಾರೆಕ್ಟರ್.

"ಅಸಲಿ ಮಾಲ್ ರೀ ಅಮ್ಮಾರ. ಬೆಂಕಿ ಹಚ್ಚಿ ತೋರಸ್ಲೇನು?" ಎಂದ ಅಂಗಡಿಯವನು.

"ಬ್ಯಾಡಪ್ಪಾ, ಇದ್ದೊಂದು ಸಂತಿ ಸುಟ್ಟಗಿಟ್ಟೀ."

ಜಾಕೆಟ್ ಬಿಚ್ಚಿಸಿಕೊಂಡು ಹೆಬ್ಬೆರಳಿನಿಂದ ಒತ್ತಿದೆ. ಸುತ್ತಲೂ ಸಣ್ಣ ಸುಕ್ಕುಗಳು ಹರಡಿದವು. ರೆಕ್ಸಿನ್ ಆಗಿದ್ದರೆ ಬರಿಯ ಗುಳಿ ಬೀಳುತ್ತದೆ. ಕಾಲರ್ ಮಡಿಚಿದೆ, ಬಿರುಕಿಲ್ಲ. ಕಂಕುಳಿನ ಹತ್ತಿರ ಮೂಸಿದೆ, ಬೂಷ್ಟಿನ ವಾಸನೆ ಇಲ್ಲ. ಕರ್ಚೀಫನ್ನು ಒದ್ದೆ ಮಾಡಿ ಉಜ್ಜಿದೆ. ಬಲತೋಳಿನಲ್ಲಿ ಏನೂ ಹತ್ತಲಿಲ್ಲ. ಎಡತೋಳಿನಲ್ಲಿ ಕರ್ಚೀಫು ಕಪ್ಪಗಾಯಿತು. ಅಲ್ಲಿಗೆ ಮಾತ್ರ ಯಾರೋ ದಪ್ಪಗೆ ಬೂಟ್ ಪಾಲಿಶ್ ಮೆತ್ತಿದ್ದರು.

ಕನ್ನಡಕ ಹಾಕಿಕೊಂಡು ನೋಡಿದೆ. ಆ ತೋಳಿನ ತುಂಬ, ಮಣಿಕಟ್ಟಿನಿಂದ ಭುಜ ಹತ್ತಿ ಕಾಲರಿನವರೆಗೆ, ಸೀಳಿದ್ದನ್ನು ಮತ್ತೆ ಜೋಡಿಸಿದ, ಬಲಗಡೆ ಇಲ್ಲದ ಒಂದು ಹೊಲಿಗೆ. ಕಫ್, ಪಟ್ಟಿ, ಜೋಡಣೆ ಯಾವುದನ್ನೂ ಲೆಕ್ಕಿಸದೆ ಕತ್ತರಿ ನೆಟ್ಟಗೆ ಹೋಗಿತ್ತು. ಯಾವ ಟೇಲರೂ ಹಾಗೆ ಕತ್ತರಿಸುವುದಿಲ್ಲ. ನನ್ನ ಯಜಮಾನರನ್ನು ಕೊನೆಯ ಸಲ ಆಸ್ಪತ್ರೆಗೆ ಒಯ್ದಾಗ, ಕ್ಯಾಶುಯಾಲ್ಟಿಯಲ್ಲಿ ನರ್ಸ್ ಅವರ ಅಂಗಿಯನ್ನು ಮೈಮೇಲೇ ಹೀಗೆ ಕತ್ತರಿಸಿದ್ದನ್ನು ಕಣ್ಣಾರೆ ಕಂಡಿದ್ದೆ.

"ಇದು ಯಾರದು?" ಎಂದೆ.

"ಮೂಟ್ಯಾಗ ಬರ್ತಾವ್ರೀ. ಯಾರದಂತ ನಾ ಹೆಂಗ ಹೇಳ್ಲಿ?" ಎನ್ನುತ್ತಲೇ ಅವನು ಜಾಕೆಟ್ಟನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ಎಡತೋಳನ್ನು ಅಡಿಗೆ ಮಡಿಚಿಟ್ಟ.

"ಏನ್ ಕಂಡಿತಕ್ಕಾ?" ಎಂದ ತಮ್ಮ.

ಕಂಡದ್ದನ್ನು ಹೇಳಿದ್ದರೆ ಅವನು ಜಾಕೆಟ್ಟನ್ನು ಅಲ್ಲೇ ಬಿಸಾಕಿ, ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಳ್ಳುತ್ತಿದ್ದ. ಅಮಾವಾಸ್ಯೆ ದಿನ ಗಾಡಿ ತೆಗೆಯದ ಮನುಷ್ಯ. ಸತ್ತವರ ಬಟ್ಟೆ ಮನೆಯಲ್ಲಿರಬಾರದು ಎಂದು ನಮ್ಮ ಅಪ್ಪನ ಉಣ್ಣೆಯ ಕೋಟನ್ನು ನನಗೆ ಹೇಳದೆ ಕೇಳದೆ ಹಳ್ಳಕ್ಕೆ ಬಿಟ್ಟು ಬಂದಿದ್ದ. ಆ ಕೋಟು ನನಗೆ ಬೇಕಾಗಿತ್ತು. "ಪ್ಯೂರ್ ಸೂಪರ್‌ಸ್ಟಿಷನ್" ಎಂದು ಅವತ್ತು ಕೂಗಾಡಿ, ಎಷ್ಟೋ ತಿಂಗಳು ಮಾತು ಬಿಟ್ಟಿದ್ದೆ. ಈಗ ಸತ್ತವರ ಬಟ್ಟೆ ಎಂಬ ಅವನ ಮಾತನ್ನೇ ನನ್ನ ಬಾಯಿಂದ ಆಡಬೇಕೇ?

"ಎಡಗೈ ರಿಪೇರಿ ಆಗೈತಿ. ರೇಟ್ ಇಳಸು" ಎಂದು ಅಂಗಡಿಯವನಿಗೆ ಹೇಳಿದೆ, ಅಷ್ಟೇ.

ತಮ್ಮ ದಿನಾ ಅದನ್ನೇ ತೊಟ್ಟು, ಗದ್ದೆಗೆ ಹೋಗುವಾಗ ಸಿಂಧನೂರಿನಲ್ಲೇ ಇದ್ದ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತಿದ್ದ. ಕೆಮ್ಮು ಕಡಿಮೆಯಾಯಿತು. ಎದ್ದು ಹೋದ ಮೇಲೆ ಕುರ್ಚಿಯ ಎಡಗೈ ಮೇಲೆ ಕಪ್ಪು ಕಲೆ ಉಳಿದಿರುತ್ತಿತ್ತು. ನಾನು ಸೋಪು ಹಚ್ಚಿ ಒರೆಸುತ್ತಿದ್ದೆ. ಮಾರನೆಯ ದಿನ ಮತ್ತೆ. ದಿನ ಕಳೆದಂತೆ ಪಾಲಿಶ್ ಸವೆದು ಅಡಿಯಿಂದ ಬಿಳಿಯ ಗೀರುಗಳು ಮೇಲೆದ್ದವು, ಅಷ್ಟೂ ಒಂದೇ ದಿಕ್ಕಿಗೆ. ಹಾಗೆ ಗೀರುವುದು ಡಾಂಬರು ರಸ್ತೆ ಮಾತ್ರ. ಗೊತ್ತಿದ್ದೂ ಅಂಗಡಿಯಿಂದ ಒಂದು ಪಾಲಿಶ್ ಡಬ್ಬಿ ತರಿಸಿ, ನಾನೇ ಹಚ್ಚಿಕೊಟ್ಟೆ.

ಮೂರು ವಾರವೂ ತುಂಬಿರಲಿಲ್ಲ. ಕಾಲುವೆ ರಸ್ತೆಯ ಮಂಜಿನಲ್ಲಿ ಹುಲ್ಲು ಹೇರಿದ ಟ್ರ್ಯಾಕ್ಟರೊಂದು ಹಿಂದೆ ದೀಪವಿಲ್ಲದೆ ನಿಂತಿತ್ತು. ಅದಕ್ಕೆ ಗುದ್ದಿ ಅವನು ಅಲ್ಲೇ ತೀರಿಕೊಂಡ. ಕೊಂದದ್ದು ಟ್ರ್ಯಾಕ್ಟರ್, ಜಾಕೆಟ್ಟಿಗೆ ಸಾವು ಅಂಟಿರುತ್ತದೆ ಎಂದು ಇವತ್ತಿಗೂ ನಾನು ನಂಬುವುದಿಲ್ಲ. ಆದರೆ ಅವನು ನಂಬುತ್ತಿದ್ದ. ಹೇಳಿದ್ದರೆ ಬಿಟ್ಟು ಬರುತ್ತಿದ್ದ. ಜಾಕೆಟ್ ಇಲ್ಲದ ಚಳಿಯಲ್ಲಿ, ಆ ಕೆಮ್ಮಿನಲ್ಲಿ, ಮಂಜು ಕರಗಿ ಬಿಸಿಲೇರಿದ ಮೇಲೆ ಹೊರಡುತ್ತಿದ್ದನೋ ಏನೋ.

ಅವತ್ತು ಬೆಳಿಗ್ಗೆ ಚಹಾ ಕುಡಿದವನು ಬಾಗಿಲಲ್ಲಿ ನಿಂತು, ತೋಳನ್ನು ತಿರುಗಿಸಿ ನೋಡಿಕೊಂಡ.

"ಅಕ್ಕಾ, ಅವತ್ತ ಸಂತ್ಯಾಗ ಇದನ್ನ ನೋಡಿ ಮಾರಿ ಸಣ್ಣ ಮಾಡ್ಕೊಂಡಿದ್ದಿ. ಏನಿತ್ತು? ಖರೇ ಹೇಳು."

"ಏನಿಲ್ಲೋ. ಹೊಲಿಗಿ ನೆಟ್ಟಗಿದ್ದಿಲ್ಲ."

"ಅಷ್ಟ ಏನು?"

"ಅಷ್ಟ. ನಡಿ, ಹೊತ್ತಾಗ್ತೈತಿ."

"ನಾ ಏನೇನೋ ತಿಳ್ಕೊಂಡಿದ್ದೆ ನೋಡ" ಎಂದು ನಕ್ಕು, ಗಾಡಿ ಚಾಲೂ ಮಾಡಿದ. ಗೇಟು ಹಾಕಲು ನಾನು ಹಿಂದೆಯೇ ಹೋದೆ. ರೈಸ್ ಮಿಲ್ಲಿನ ಗೋಡೆ ಮುಗಿಯುವವರೆಗೂ ಅವನ ಬೆನ್ನು ಕಾಣುತ್ತಿತ್ತು. ಕೂಗಿದ್ದರೆ ಅಲ್ಲಿಯವರೆಗೂ ಕೇಳಿಸುತ್ತಿತ್ತು.