ಕಪ್ಪೆ ದಿಬ್ಬಣದ ಮುನಿವೆಂಕಟಮ್ಮ

ಬಿಳೇಕಹಳ್ಳಿಯ ಮುನಿವೆಂಕಟಮ್ಮನವರಿಗೆ ತಿಂಗಳ ಎರಡನೇ ಭಾನುವಾರ ಬಂತೆಂದರೆ ಮಧ್ಯಾಹ್ನದ ನಿದ್ದೆ ಇಲ್ಲ. ಊಟ ಮುಗಿಸಿ, ಗಂಡ ಬೈರಣ್ಣನ ಸಂಜೆ ಕಾಫಿಯನ್ನು ಫ್ಲಾಸ್ಕಿಗೆ ತುಂಬಿಟ್ಟು, ಮಂಡಿಗೆ ನೋವಿನೆಣ್ಣೆ ತಿಕ್ಕಿಕೊಂಡು, ಒಳ್ಳೆಯದೊಂದು ಸೀರೆ ಉಟ್ಟು ಗೇಟಿನ ಬಳಿ ಬಂದು ನಿಂತುಬಿಡುತ್ತಾರೆ. ಜಯನಗರದ ಏಳನೇ ಬ್ಲಾಕಿನ ಸಣ್ಣ ರಂಗಮಂದಿರದಲ್ಲಿ ನಾಲ್ಕಕ್ಕೆ ‘ಕಪ್ಪೆ ದಿಬ್ಬಣ’ ಶುರುವಾಗುತ್ತದೆ. ಆಟೋದವನು ತಡಮಾಡಿದರೆ ಅವನ ಪಾಡು ಕೇಳುವುದೇ ಬೇಡ.

‘ಕಪ್ಪೆ ದಿಬ್ಬಣ’ ಮಕ್ಕಳೇ ಹಾಡಿ ಕುಣಿಯುವ ನಾಟಕ. ಹದಿನೈದು ವರ್ಷ ದಾಟಿದರೂ ಇನ್ನೂ ನಡೆಯುತ್ತಲೇ ಇದೆ. ಕೆರೆ ಬತ್ತಿದ ಊರಿನವರು ಮಳೆಗಾಗಿ ಕಪ್ಪೆಗೆ ಮದುವೆ ಮಾಡಿಸುತ್ತಾರೆ. ದಿಬ್ಬಣದ ಮುಂದೆ ಒಬ್ಬಳು ಪುಟ್ಟ ಹುಡುಗಿ ಮಣ್ಣಿನ ಕಪ್ಪೆಯನ್ನು ಮಣೆಯ ಮೇಲಿಟ್ಟು ತಲೆಯಲ್ಲಿ ಹೊತ್ತು, ಮನೆಮನೆಯ ಮುಂದೆ ನಿಂತು ಮಳೆ ಬೇಡಿ ಹಾಡುತ್ತಾಳೆ. ಕೊನೆಗೆ ಮಳೆ ಬರುತ್ತದೆ. ಕಥೆ ಇಷ್ಟೇ. ಹಾಡುಗಳು ಮೊದಲ ದಿನದವೇ, ಹಾಡುವ ಮಕ್ಕಳು ಮಾತ್ರ ಬದಲಾಗುತ್ತಾರೆ. ಒಬ್ಬಳಿಗೆ ಲಂಗ ಗಿಡ್ಡವಾಯಿತೆಂದರೆ ಮಣೆ ಇನ್ನೊಬ್ಬಳ ತಲೆಗೆ ಹೋಗುತ್ತದೆ. ಹೊತ್ತವಳಿಗೆ ಪ್ರೇಕ್ಷಕರು ಇಟ್ಟ ಹೆಸರೇ ‘ಕಪ್ಪೆ’. ಹೋದ ವರ್ಷದ ಕಪ್ಪೆ, ಕೊರೋನಾ ಮುಗಿದ ಮೇಲೆ ಬಂದ ಕಪ್ಪೆ, ಈಗ ಮೆಡಿಕಲ್ ಓದುತ್ತಿರುವ ಕಪ್ಪೆ. ಮುನಿವೆಂಕಟಮ್ಮ ಎಲ್ಲರನ್ನೂ ನೋಡಿದ್ದಾರೆ.

ಅವರು ಹುಟ್ಟಿದ್ದು ಅರೆಕೆರೆ, ಕೊಟ್ಟಿದ್ದು ಬಿಳೇಕಹಳ್ಳಿಗೆ. ಈಗ ಅವರದೇ ಮೂರು ಅಂತಸ್ತಿನ ಬಾಡಿಗೆ ಮನೆ ನಿಂತಿರುವಲ್ಲಿ ಅವರು ರಾಗಿ ಪೈರಿನ ಕಳೆ ಕಿತ್ತವರು. ಹೊಲ ಸೈಟಾಗಿ, ಸೈಟು ಮನೆಯಾಗಿ, ಕೈಗೆ ಕೆಲಸವಿಲ್ಲದೆ ಕೂತಿದ್ದ ಕಾಲದಲ್ಲಿ ನೀಲಕಂಠಪ್ಪ ಎಂಬ ಹೈಸ್ಕೂಲು ಮೇಷ್ಟ್ರು ಬಂದು, ಮಕ್ಕಳಿಗೆ ನಾಟಕ ಕಲಿಸಲು ಕೆಳಗಿನ ಕೋಣೆಯನ್ನು ಬಾಡಿಗೆಗೆ ಕೇಳಿದರು. ಮೊದಲ ವಾರವೇ ಗಲಾಟೆ ಜಾಸ್ತಿಯಾಯಿತೆಂದು ಬೈಯಲು ಇಳಿದುಹೋದ ಮುನಿವೆಂಕಟಮ್ಮ, ಬೈಯುವುದನ್ನು ಮರೆತು ಬಾಗಿಲಲ್ಲೇ ಕೂತರಂತೆ. ಅಂದು ಕೂತವರು ಇವತ್ತಿಗೂ ಎದ್ದಿಲ್ಲ ಎಂದು ಬೈರಣ್ಣ ರೇಗಿಸುತ್ತಾರೆ.

ಈ ವರ್ಷದ ಕಪ್ಪೆ, ಆ ಮನೆಯ ಎರಡನೇ ಮಹಡಿಯಲ್ಲಿ ಬಾಡಿಗೆಗಿರುವ ಶಾಲಿನಿಯ ಮಗಳು ಧೃತಿ. ಮೆಟ್ಟಿಲಲ್ಲಿ ಕೂತು ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದ ಹುಡುಗಿಯ ಕೈಹಿಡಿದು ಮೇಷ್ಟ್ರ ಮುಂದೆ ನಿಲ್ಲಿಸಿದವರು ಮುನಿವೆಂಕಟಮ್ಮನೇ.

ಅಂದಿನಿಂದ ಶಾಲಿನಿಗೆ ನೆಮ್ಮದಿ ಎನ್ನುವುದು ಇರಲಿಲ್ಲ. ಬಿ.ಟಿ.ಎಂ. ಲೇಔಟಿನ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಮಗಳಾಗಿ ಬೆಳೆದವಳು. ತಾನು ಸ್ಟೇಜು ಹತ್ತಿದ್ದು ಒಂದೇ ಸಲ, ಅದೂ ಮರವಾಗಿ. ಮಗಳು ಎರಡು ಸಲ ಸೀನಿದರೆ ಇವಳಿಗೆ ಎದೆ ಹೊಡೆದುಕೊಳ್ಳುತ್ತದೆ. ನಾಟಕದ ವಾರ ಮನೆಯಲ್ಲಿ ಐಸ್‌ಕ್ರೀಂ ಇಲ್ಲ, ಮೊಸರಿಲ್ಲ, ಫ್ಯಾನು ಕೂಡ ಒಂದರಲ್ಲೇ ತಿರುಗಬೇಕು. ಬೆಳಿಗ್ಗೆ ಸಂಜೆ ಹಬೆ, ರಾತ್ರಿ ಅರಿಶಿನದ ಹಾಲು, ಕತ್ತಿಗೆ ಮಫ್ಲರು. ಇಷ್ಟು ಮಾಡಿದ ಮೇಲೂ ಆಟ ಮುಗಿದಾಗ ಅವಳು ಮಗಳ ಬಳಿಗೆ ಹೋಗುವುದಿಲ್ಲ. ಹೊರಗೆ ಕಾಫಿ ಕೊಡುವ ಮೇಜಿನ ಸಾಲಿನಲ್ಲಿ ನಿಂತು, ಹಿಂದೆ ಮುಂದೆ ಇದ್ದವರು ಏನು ಮಾತಾಡಿಕೊಳ್ಳುತ್ತಾರೆಂದು ಕಿವಿಗೊಡುತ್ತಾಳೆ.

ಕೇಳಿಸಿದ್ದು ಹಿತವಾಗಿರಲಿಲ್ಲ. ತ್ಯಾಗರಾಜನಗರದಿಂದ ಪ್ರತಿ ಸಲ ಬರುವ ನಿವೃತ್ತ ಬ್ಯಾಂಕಿನವರೊಬ್ಬರು, ಹುಡುಗಿಯ ಶ್ರುತಿ ಅಚ್ಚುಕಟ್ಟು, ಆದರೆ ಸ್ಕೂಲಿನಲ್ಲಿ ಪದ್ಯ ಒಪ್ಪಿಸಿದ ಹಾಗಿದೆ ಎಂದರು. ಅವರ ಹೆಂಡತಿಗೆ ಹೋದ ವರ್ಷದವಳೇ ಬೇಕಿತ್ತು. ಅವಳು ಬಂದರೆ ಸಭೆಗೆ ಗಾಳಿ ಬೀಸಿದ ಹಾಗಾಗುತ್ತಿತ್ತಂತೆ. ಕಾಲೇಜು ಹುಡುಗರಿಬ್ಬರು ದೊಡ್ಡಕಪ್ಪೆಯ ವೇಷದ ಹುಡುಗನ ಕುಣಿತ ಸಖತ್ ಎಂದರು, ಪುಟ್ಟ ಹುಡುಗಿಯ ಸುದ್ದಿಯನ್ನೇ ಎತ್ತಲಿಲ್ಲ. ಶಾಲಿನಿಗೆ ಅದೇ ಎಲ್ಲಕ್ಕಿಂತ ಚುಚ್ಚಿತು. ಮನೆಗೆ ಬರುವಾಗ ಎಲ್ಲರೂ ಹೊಗಳಿದರು ಎಂದು ಮಗಳಿಗೆ ಹೇಳಿದಳು. ಧೃತಿ ಆಟೋದ ಹೊರಗೆ ನೋಡುತ್ತಿದ್ದಳು.

ಮುನಿವೆಂಕಟಮ್ಮ ಮಾತ್ರ ಮುಖಕ್ಕೇ ಹೇಳಿದರು. ಮೆಟ್ಟಿಲು ಹತ್ತುವಾಗ ಮಂಡಿ ಹಿಡಿದು ನಿಂತು, “ಮಗಾ ಚೆನ್ನಾಗ್ ಹಾಡ್ತಳೆ ಕಣವ್ವ ಶಾಲಿನಿ. ಆದ್ರೆ ಅವ್ಳು ಮಳೆ ಕೇಳ್ತಾ ಇಲ್ಲ. ತಪ್ಪಾಗದಂಗೆ ನೋಡ್ಕತಾವ್ಳೆ,” ಎಂದರು.

ಶಾಲಿನಿ ಮೇಲೆ ಹೋಗಿ, ಅರ್ಧ ಗಂಟೆ ಅಡುಗೆಮನೆ ಒರೆಸಿದಳು.

ಮೂರು ಆಟ ಹೀಗೇ ಆಯಿತು. ನಾಲ್ಕನೆಯದರ ಹಿಂದಿನ ವಾರ ನೀಲಕಂಠಪ್ಪ ಶಾಲಿನಿಯನ್ನು ಕರೆದು, ಮಾತು ಸುತ್ತಿಸದೆ ವಿಷಯ ತಿಳಿಸಿದರು. ಇನ್ನೊಬ್ಬ ಹುಡುಗಿ ಹಾಡು ಕಲಿತು ತಯಾರಾಗಿದ್ದಾಳೆ. ಈ ಭಾನುವಾರ ನೋಡುತ್ತೇನೆ, ಸರಿಹೋಗದಿದ್ದರೆ ಧೃತಿ ಹಿಂದಿನ ಸಾಲಿನ ಕಪ್ಪೆಮರಿ ವೇಷದ ಮಕ್ಕಳ ಜೊತೆ ನಿಲ್ಲಲಿ, ಬೇಜಾರು ಮಾಡಿಕೊಳ್ಳಬೇಡಿ ಎಂದರು. ಜೊತೆಗೆ ಒಂದು ಬದಲಾವಣೆಯನ್ನೂ ಹೇಳಿದರು. ಇಷ್ಟು ವರ್ಷ ಮಳೆಯ ಹಾಡು ರಂಗದ ಮೇಲೇ ನಡೆಯುತ್ತಿತ್ತು. ಈ ಸಲ ಧೃತಿ ಕಪ್ಪೆ ಹೊತ್ತು ಕೆಳಗಿಳಿದು ಜನರ ನಡುವೆ ಬರಬೇಕು. ಹತ್ತಿರದಲ್ಲಿ ಮುಖಗಳು ಕಂಡರೆ ಹುಡುಗಿಯ ಬಿಗಿ ಸಡಿಲವಾದೀತು ಎಂದು ಅವರ ಲೆಕ್ಕ.

ಈ ಮಾತನ್ನು ಮಗಳಿಗೆ ಹೇಳುವುದೋ ಬೇಡವೋ ಎಂದು ಶಾಲಿನಿ ಎರಡು ದಿನ ಒದ್ದಾಡಿದಳು. ಮೂರನೆಯ ದಿನ ಹಬೆ ತೆಗೆದುಕೊಳ್ಳುವಾಗ ಟವೆಲಿನ ಒಳಗಿಂದಲೇ ಧೃತಿ, “ನಂಗೊತ್ತು ಅಮ್ಮ, ಸಾರ್ ನಂಗೂ ಹೇಳಿದ್ರು,” ಎಂದಳು. ಆಮೇಲೆ ಟವೆಲು ಸರಿಸಿ, “ನಂಗೆ ಹಿಂದಿನ ಸಾಲು ಬೇಡ,” ಎಂದಳು. ಮಗಳು ಒಂದು ವಿಷಯ ಬೇಕು ಬೇಡ ಎಂದು ಅಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ಶಾಲಿನಿ ಅದುವರೆಗೆ ಕೇಳಿರಲಿಲ್ಲ. ಅವಳ ದಿಗಿಲು ಇನ್ನೂ ಹೆಚ್ಚಿತು.

ಭಾನುವಾರ ರಂಗಮಂದಿರ ತುಂಬಿತ್ತು. ಮಂಡಿ ಚಾಚಲು ಜಾಗ ಬೇಕೆಂದು ಮುನಿವೆಂಕಟಮ್ಮ ಯಾವಾಗಲೂ ನಡುದಾರಿಯ ಅಂಚಿನ ಸೀಟಿನಲ್ಲೇ ಕೂರುವುದು. ಪಕ್ಕದಲ್ಲಿ ಶಾಲಿನಿ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದಳು. ಮಳೆಯ ಹಾಡು ಬಂತು. ಹಾರ್ಮೋನಿಯಂ ಮೆಲ್ಲಗೆ ಎದ್ದಿತು. ಬೇವಿನ ಸೊಪ್ಪು ಕಟ್ಟಿದ ಮಣೆ, ಅದರ ಮೇಲೆ ಮಣ್ಣಿನ ಕಪ್ಪೆ, ಅದರ ಕೆಳಗೆ ಗಾಬರಿಯ ಎರಡು ಕಣ್ಣು. ಧೃತಿ ಮೆಟ್ಟಿಲಿಳಿದು ಬಂದಳು. ಸೊಂಟಕ್ಕೆ ಮೈಕಿನ ಡಬ್ಬಿ, ಕೆನ್ನೆಗೆ ಅಂಟಿಸಿದ ತಂತಿ. ಸ್ವರ ಎಲ್ಲೂ ತಪ್ಪಲಿಲ್ಲ, ಕಣ್ಣು ಎಲ್ಲೂ ಮೇಲೇಳಲಿಲ್ಲ. ಪಾಠ ಒಪ್ಪಿಸುವ ಅದೇ ದನಿ. ಹಿಂದೆ ಯಾರೋ ಮೊಬೈಲು ತೆರೆದರು, ಅದರ ಬೆಳಕು ಶಾಲಿನಿಯ ಕಣ್ಣಿಗೆ ಬಿತ್ತು. ಮುಗಿಯಿತು, ಹಿಂದಿನ ಸಾಲೇ ಗತಿ ಎಂದುಕೊಂಡಳು.

ಹಾಡುತ್ತಾ ಬಂದ ಧೃತಿ, ಮೇಷ್ಟ್ರು ಹೇಳಿಕೊಟ್ಟ ಹಾಗೆ ನಡುದಾರಿಯಲ್ಲಿ ನಿಂತಳು. ನಿಂತದ್ದು ಸರಿಯಾಗಿ ಮುನಿವೆಂಕಟಮ್ಮನವರ ಮುಂದೆ.

ಮುನಿವೆಂಕಟಮ್ಮ ಏನು ಯೋಚಿಸಿದರೋ, ಯೋಚಿಸಿದರೋ ಇಲ್ಲವೋ. ಅರೆಕೆರೆಯಲ್ಲಿ ಅವರು ಹುಡುಗಿಯಾಗಿದ್ದಾಗ, ಮಳೆ ಕೈಕೊಟ್ಟ ವರ್ಷ ಹೀಗೇ ಮಕ್ಕಳು ಮಣೆ ಹೊತ್ತು ಬಾಗಿಲಿಗೆ ಬರುತ್ತಿದ್ದರು. ಬಾವಿಯಲ್ಲಿ ಎಷ್ಟೇ ಕಡಿಮೆ ನೀರಿರಲಿ, ಮನೆಯ ಹೆಂಗಸು ಒಂದು ಚೊಂಬು ತಂದು ಆ ತಲೆಯ ಮೇಲೆ ಸುರಿಯಲೇಬೇಕು. ಮಳೆ ಬೇಡಿ ಬಂದವರನ್ನು ಒಣತಲೆಯಲ್ಲಿ ಕಳಿಸಿದರೆ ಊರಿಗೇ ಕೇಡು. ಅವರ ಕೈ ತಾನಾಗಿಯೇ ಚೀಲದಲ್ಲಿದ್ದ ನೀರಿನ ಬಾಟಲಿಗೆ ಹೋಯಿತು. ಮುಚ್ಚಳ ತಿರುಗಿಸಿದರು, ಎದ್ದು ನಿಂತರು, ಕಪ್ಪೆಯ ಮೇಲೆ, ಬೇವಿನ ಸೊಪ್ಪಿನ ಮೇಲೆ, ಧೃತಿಯ ತಲೆಯ ಮೇಲೆ ಬಾಟಲಿಯನ್ನು ಪೂರ್ತಿ ಬಗ್ಗಿಸಿಬಿಟ್ಟರು.

ಸ್ಪೀಕರು ಕರ್ರ್ ಎಂದು ಒಮ್ಮೆ ಕಿರುಚಿ ಸತ್ತಿತು. ಹಾರ್ಮೋನಿಯಂ ನಿಂತಿತು. ಧೃತಿಯ ಬಾಯಿ ತೆರೆದದ್ದು ತೆರೆದಂತೇ ಇತ್ತು, ಗಲ್ಲದಿಂದ ನೀರು ತೊಟ್ಟಿಕ್ಕುತ್ತಿತ್ತು. ಶಾಲಿನಿ ಕರ್ಚೀಫು ಹಿಡಿದು ಎದ್ದಾಗಿತ್ತು. ನೆಗಡಿ, ಕೆಮ್ಮು, ಜ್ವರ, ಡಾಕ್ಟರು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಒಂದು ಹೆಜ್ಜೆ ನಡುದಾರಿಗೆ ಇಟ್ಟಳು.

ಧೃತಿ ಅಮ್ಮನನ್ನು ನೋಡಿದಳು. ಕರ್ಚೀಫು ನೋಡಿದಳು. ಬೇಡ ಎನ್ನುವಂತೆ ತಲೆಯಾಡಿಸಿದಳು. ಮಣೆ ತಲೆಯ ಮೇಲಿದ್ದುದರಿಂದ ಬಹಳ ಸಣ್ಣದಾಗಿ, ಆದರೆ ಖಂಡಿತವಾಗಿ. ಆಮೇಲೆ ಮುನಿವೆಂಕಟಮ್ಮನವರತ್ತ ತಿರುಗಿ ಮುಖವೆತ್ತಿ, ಮೈಕು ಸತ್ತಿದ್ದರಿಂದ ತನ್ನ ಗಂಟಲಿನಷ್ಟಕ್ಕೇ, ನಿಂತ ಸಾಲನ್ನು ಮತ್ತೆ ಎತ್ತಿಕೊಂಡಳು. ದನಿ ಚಳಿಗೆ ಒಮ್ಮೆ ಒಡೆಯಿತು. ಒಡೆದದ್ದನ್ನು ಅವಳು ಸರಿಪಡಿಸಲು ಹೋಗಲಿಲ್ಲ. ಮುಂದಿನ ಸೀಟಿಗೆ ಹೋಗಿ ನಿಂತು ಅಲ್ಲಿ ಕೂತವರ ಮುಖವನ್ನೇ ನೋಡುತ್ತಾ ಹಾಡಿದಳು. ನೀರು ಹಾಕುವವರೆಗೆ ಹೋಗಲಾರೆ ಎನ್ನುವ ಹಾಗೆ. ಅಲ್ಲಿದ್ದವರು ತ್ಯಾಗರಾಜನಗರದ ಬ್ಯಾಂಕಿನವರೇ. ಅವರು ಹೆಂಡತಿಯ ಮುಖ ನೋಡಿದರು, ತಮ್ಮ ಬಾಟಲಿ ತೆಗೆದರು, ನಾಚಿಕೊಂಡು ಎರಡು ಹನಿ ಚಿಮುಕಿಸಿದರು. ಹಿಂದಿನಿಂದ ಒಂದು ಮಗು ಓಡಿಬಂದು ತನ್ನ ವಾಟರ್‌ಬ್ಯಾಗನ್ನೇ ಖಾಲಿ ಮಾಡಿತು. ತಮಟೆಯವನು ತಾನಾಗಿಯೇ ಪೆಟ್ಟು ಹಾಕಿದ, ಹಾರ್ಮೋನಿಯಂ ಓಡೋಡಿ ಬಂದು ಸೇರಿಕೊಂಡಿತು. ಧೃತಿ ನಗುತ್ತಿದ್ದಳು. ನಗುತ್ತಲೇ ಹಾಡುತ್ತಿದ್ದಳು, ನಡುವೆ ಒಂದು ಸಾಲು ತಪ್ಪಿಯೂ ಹೋಯಿತು, ಯಾರಿಗೂ ಅದರ ಪರಿವೆ ಇರಲಿಲ್ಲ. ಶಾಲಿನಿ ಮಾತ್ರ ಗಮನಿಸಿದಳು. ಕರ್ಚೀಫಿನಲ್ಲಿ ತನ್ನ ಮುಖವನ್ನೇ ಒರೆಸಿಕೊಂಡು ಕೂತಳು.

ಆಟ ಮುಗಿದ ಮೇಲೆ ನೀಲಕಂಠಪ್ಪ ಹೊರಗೆ ಬಂದಾಗ ಅವರ ತುಟಿ ಬಿಗಿದಿತ್ತು, ಕೈಯಲ್ಲಿ ನೀರು ಸೋರುವ ಮೈಕಿನ ಡಬ್ಬಿ. ಮುನಿವೆಂಕಟಮ್ಮ ಕಂಬಕ್ಕೆ ಒರಗಿ ನಿಂತಿದ್ದರು. ಬಾಡಿಗೆದಾರರೆಲ್ಲ ಹೆದರುವ ಆ ಹೆಂಗಸಿನ ಮುಖ ಸಪ್ಪಗಿತ್ತು.

“ಕೈ ತಡೀಲಿಲ್ಲ ಮೇಷ್ಟ್ರೆ. ನಾಟ್ಕ ಅಂತಾನೇ ಮರ್ತೋಯ್ತು.”

“ಇಷ್ಟು ವರ್ಷ ನೋಡಿದೀರಿ, ಇವತ್ತು ಮರ್ತೋಯ್ತಾ?”

“ಇಷ್ಟು ವರ್ಷ ಯಾರೂ ನನ್ ಬಾಗಿಲಿಗೆ ಬಂದಿರ್ನಿಲ್ವಲ್ಲ.”

ಮೇಷ್ಟ್ರು ಡಬ್ಬಿ ಅಲ್ಲಾಡಿಸಿ ನೀರು ಕೊಡವಿದರು. ಪಕ್ಕದಲ್ಲಿ ಶಾಲಿನಿ ಮಗಳ ಒದ್ದೆ ಜಡೆಯನ್ನು ಟವೆಲಿನಲ್ಲಿ ಹಿಂಡುತ್ತಿದ್ದಳು. ಮೇಷ್ಟ್ರು ಧೃತಿಯ ಕಡೆ ಬಗ್ಗಿ, “ಮುಂದಿನ ಸಲದಿಂದ ನಿಂಗೆ ಮೈಕ್ ಬೇಡ. ಹಿಂಗೇ ಹಾಡು,” ಎಂದರು.

ಶಾಲಿನಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮುಂದಿನ ಸಲ ಎಂದರು; ಅಂದರೆ ಹಿಂದಿನ ಸಾಲಿಲ್ಲ. ಸಂತೋಷಪಡುವಷ್ಟರಲ್ಲಿ ಇನ್ನೊಂದು ಯೋಚನೆ ಹೊಕ್ಕಿತು. “ನೀರು?” ಎಂದು ಕೇಳಿದಳು. ನೀರೂ ಇರಲಿ, ಅಜ್ಜಿಯೇ ಹಾಕಲಿ ಎಂದರು ಮೇಷ್ಟ್ರು. ಹಾಗಾದರೆ ಉಗುರು ಬೆಚ್ಚಗಿನ ನೀರನ್ನು ಫ್ಲಾಸ್ಕಿನಲ್ಲಿ ತಾನೇ ತರುತ್ತೇನೆ ಎಂದಳು ಶಾಲಿನಿ. ಮುನಿವೆಂಕಟಮ್ಮನವರ ಮುಖಕ್ಕೆ ಜೀವ ಬಂತು.

“ಮಳೆರಾಯಂಗೆ ಬಿಸಿನೀರ್ ಸ್ನಾನನಾ? ಚೆನ್ನಾಗದೆ ಕಣವ್ವ. ಸೋಪೂ ತಗೊಂಬಾ.”

ಅಂದಿನ ಕಾಫಿಯ ಸಾಲಿನಲ್ಲಿ ಶಾಲಿನಿ ನಿಲ್ಲಲೇ ಇಲ್ಲ, ಯಾರು ಏನೆಂದರೋ ತಿಳಿಯಲಿಲ್ಲ. ಮೂರು ದಿನ ಮಗಳ ಹಣೆ ಮುಟ್ಟಿ ಮುಟ್ಟಿ ನೋಡಿದಳು. ನೆಗಡಿ ಬಂದದ್ದು ಮಗಳಿಗಲ್ಲ, ಅವಳಿಗೇ.

ಮುಂದಿನ ತಿಂಗಳು ಮುನಿವೆಂಕಟಮ್ಮನವರ ಮಂಡಿ ಊದಿತ್ತು. ಬೈರಣ್ಣ ಬೇಡವೆಂದರೂ ಬಂದು ಅದೇ ಅಂಚಿನ ಸೀಟಿನಲ್ಲಿ ಕಾಲು ಚಾಚಿ ಕೂತರು. ಚೀಲದಿಂದ ಹಿತ್ತಾಳೆಯ ಚೊಂಬು ತೆಗೆದು, ಶಾಲಿನಿ ತಂದ ಫ್ಲಾಸ್ಕನ್ನು ಬಿಟ್ಟು ತಮ್ಮ ಬಾಟಲಿಯಿಂದ ತುಂಬಿಸಿ, ಹಾಡು ಶುರುವಾದಾಗ ಅವಳ ಕೈಗಿಟ್ಟರು. ನನ್ನ ಕೈಲಿ ಏಳಲಾಗದು, ನೀನೇ ಹಾಕು ಎಂದರು. ಶಾಲಿನಿ ಮುಟ್ಟಿ ನೋಡಿದಳು. ನೀರು ತಣ್ಣಗಿತ್ತು.

ಧೃತಿ ಬಂದು ಮುಂದೆ ನಿಂತಳು. ಶಾಲಿನಿ ಎದ್ದು, ಮಣೆಯ ಅಂಚಿಗೆ, ತಲೆಗೆ ತಾಗದ ಹಾಗೆ ಒಂದಿಷ್ಟು ಸುರಿದಳು. ಧೃತಿ ಕದಲಲಿಲ್ಲ. ಅದೇ ಸಾಲನ್ನು ಮತ್ತೆ ಹಾಡಿದಳು, ಅಮ್ಮನ ಮುಖವನ್ನೇ ನೋಡುತ್ತಾ. ಮೂರನೇ ಸಲವೂ ಹಾಡಿದಳು. ಅವಳು ನಿಜವಾಗಿಯೂ ಮಳೆ ಕೇಳುತ್ತಿದ್ದಾಳೆ ಎಂದು ಶಾಲಿನಿಗೆ ಆಗ ಅರ್ಥವಾಯಿತು. ಚೊಂಬನ್ನು ಎರಡೂ ಕೈಯಲ್ಲಿ ಎತ್ತಿ ಪೂರ್ತಿ ಬಗ್ಗಿಸಿದಳು.

ಆಟ ಬಿಟ್ಟ ಮೇಲೆ ಮುನಿವೆಂಕಟಮ್ಮನವರಿಗೆ ಕಾಫಿ ತರಲು ಶಾಲಿನಿ ಸಾಲಿಗೆ ಹೋದಳು. ಹಿಂದೆ ಇಬ್ಬರು ಹೆಂಗಸರು, ಈ ವರ್ಷದ ಕಪ್ಪೆ ಬಲು ಗಟ್ಟಿಗಿತ್ತಿ, ಆದರೆ ಆ ಚೊಂಬಿನ ಮೇಡಂ ಯಾರೋ, ಮಗು ಎಂದು ಕೂಡ ನೋಡದೆ ಅಷ್ಟು ನೀರು ಸುರಿದಳಲ್ಲ, ಹೆತ್ತವಳಾಗಿದ್ದರೆ ಗೊತ್ತಾಗುತ್ತಿತ್ತು ಎಂದು ಮಾತಾಡಿಕೊಳ್ಳುತ್ತಿದ್ದರು. ಶಾಲಿನಿ ತಿರುಗಿ ನೋಡಲಿಲ್ಲ. ಎರಡು ಕಾಫಿ ತೆಗೆದುಕೊಂಡು, ಒಂದಕ್ಕೆ ಸಕ್ಕರೆ ಹೆಚ್ಚಿಗೆ ಹಾಕಿಸಿ, ನಗು ತಡೆದುಕೊಂಡು ಅಜ್ಜಿಯ ಕಡೆ ನಡೆದಳು.