ತೊಳೆದು ತಂದ ಮೀನಿನ ಕರುಳು

ಕಲಬುರಗಿಯ ದವಾಖಾನೆಯೊಂದರಲ್ಲಿ ಆಗ ನನ್ನದು ಹಂಗಾಮಿ ನೌಕರಿ. ಡಾಕ್ಟರ್ ಸಾಹೇಬರಿಗೆ ರೋಗಿಗಳಿಗಿಂತ ಸೂಕ್ಷ್ಮದರ್ಶಕದ ಮೇಲೆ ಮೋಹ ಜಾಸ್ತಿ. ಎಲೆ, ಪಾಚಿ ತಿನ್ನುವ ಕೆರೆಮೀನಿನ ಕರುಳಲ್ಲಿ ಅದನ್ನು ಕರಗಿಸುವ ಕ್ರಿಮಿಗಳಿರಲೇಬೇಕು, ಅವನ್ನು ಬೆಳೆಸಿ ಪುಂಡಿ ಎಂಬ ನಾರಿನ ಗಿಡದ ಕಟ್ಟಿಗೆ ನೆನೆಹಾಕಿದ ನೀರಿಗೆ ಬಿಟ್ಟರೆ ನಾರು ಬೇಗ ಬಿಡುತ್ತದೆ, ಹಗ್ಗ ಹೊಸೆಯುವವರು ಹದಿನೈದು ದಿನ ಕಾಯಬೇಕಿಲ್ಲ ಎಂಬುದು ಅವರ ಹುಚ್ಚು. ನನ್ನೂರು ಹತ್ತಿರದ ಕಮಲಾಪುರ. ಅಲ್ಲಿಯ ಮೀನಿನ ಕರುಳನ್ನು ವಾರವಾರ ತಂದುಕೊಟ್ಟರೆ ನೌಕರಿ ಪಕ್ಕಾ ಮಾಡಿಸುತ್ತೇನೆ ಎಂದರು.

ಲಿಂಗ ಕಟ್ಟಿದ ಮನೆತನ ನಮ್ಮದು. ಮೀನೆಂಬ ಮಾತು ಕಿವಿಗೆ ಬಿದ್ದರೆ ಅವ್ವ ಬಾಯಿ ಮುಕ್ಕಳಿಸುತ್ತಿದ್ದಳು. ಆದರೆ ನೌಕರಿ ಹೋದರೆ ಊರಿಗೆ ಮರಳಿ ಅಣ್ಣನ ಕೈಕೆಳಗೆ ದುಡಿಯಬೇಕು. ಅದು ನನಗೆ ಸುತಾರಾಂ ಬೇಡವಾಗಿತ್ತು. ಮೂಗು ಮುಚ್ಚಿಕೊಂಡು, ಮೀನು ಹಿಡಿಯುವ ಮುದುಕನಿಂದ ಗಡಿಗೆ ತುಂಬ ಕರುಳು ಇಸಿದುಕೊಂಡೆ. ಹಾಗೇ ಒಯ್ಯಲು ಮನಸ್ಸೊಪ್ಪಲಿಲ್ಲ. ದೊಡ್ಡವರ ಕೈಗೆ ಹೊಲಸು ಕೊಡುವುದುಂಟೇ? ಊರ ಹೊರಗೆ ಒಲೆ ಹೂಡಿ, ಕುದಿನೀರಲ್ಲಿ ಮತ್ತೆಮತ್ತೆ ತೊಳೆದು, ಅರಿಶಿಣ ಹಚ್ಚಿ, ಒಗೆದ ಬಟ್ಟೆಯಲ್ಲಿ ಕಟ್ಟಿ ಒಯ್ದೆ. ಪ್ರತಿ ವಾರವೂ ಅದೇ ಶಿಸ್ತು.

ಸಾಹೇಬರು ನೋಡಿದ್ದೇ ನೋಡಿದ್ದು. ಗಾಜಿನ ಬಟ್ಟಲಲ್ಲಿ ಒಂದು ಕ್ರಿಮಿಯೂ ಬೆಳೆಯಲಿಲ್ಲ. ನಾಲ್ಕನೆಯ ವಾರ, ಈ ಮೀನಿನಲ್ಲಿ ಏನೂ ಇಲ್ಲವೆಂದು ಹೈದರಾಬಾದಿನ ಮೇಲಧಿಕಾರಿಗಳಿಗೆ ಕಾಗದ ಬರೆಯಲು ಕೂತರು.

"ಇಷ್ಟು ಚೊಕ್ಕ ಹೊಟ್ಟಿ ಯಾವ ಮೀನಿಗೂ ಇರಂಗಿಲ್ಲೋ," ಎಂದು ಗೊಣಗಿದರು.

ಚೊಕ್ಕ ಎಂದದ್ದೇ ತಡ, ನನಗೆ ನನ್ನ ಒಲೆ, ಕುದಿನೀರು ನೆನಪಾದವು. ಸುಮ್ಮನಿದ್ದರೆ ಅವರ ಮಾನ ಹೋಗುತ್ತದೆ, ಹೇಳಿದರೆ ನನ್ನ ನೌಕರಿ. ಅತ್ತ ದರಿ, ಇತ್ತ ಪುಲಿ.

"ನಾ ತೊಳ್ದು ತಂದೀನ್ರೀ ಸಾಹೇಬ್ರ."

"ತಣ್ಣೀರಾಗ?"

"ಕುದಿನೀರಾಗ್ರೀ. ಅರಿಶಿಣಾನೂ ಹಚ್ಚೀನ್ರೀ."

"ಅರೆ ಖುದಾ! ಎಲ್ಲಾ ಕೊಂದು ತಂದೀಯಲ್ಲೋ!"

ಆಮೇಲೆ ಬಂದ ಬೈಗುಳದಲ್ಲಿ ಅರ್ಧ ಉರ್ದು, ಅರ್ಧ ಕನ್ನಡ. ಎರಡೂ ಚೆನ್ನಾಗಿಯೇ ಅರ್ಥವಾದವು. ಕಾಗದವನ್ನು ಮಾತ್ರ ಹರಿದು ಹಾಕಿದರು.

ಮುಂದಿನ ಗಡಿಗೆಯನ್ನು ಮುದುಕನೇ ತಂದ, ತೊಳೆಯದೆ. ಬಟ್ಟಲು ತುಂಬ ಕ್ರಿಮಿ ಬೆಳೆದವು. ದವಾಖಾನೆಯ ಹಿತ್ತಲಲ್ಲಿ, ಅವನ್ನು ಬಿಟ್ಟ ನೀರಲ್ಲಿ ಪುಂಡಿ ವಾರದೊಳಗೆ ನಾರು ಬಿಟ್ಟಿತು. ಆ ನಾತಕ್ಕೆ ಅರ್ಧ ರೋಗಿಗಳು "ಆರಾಮಾಗೇದ್ರೀ" ಎಂದು ಮನೆಗೆ ಓಡಿದರು.

ನನ್ನ ಕಥೆ ಮುಗಿಯಿತೆಂದು ನಾನು ಗಂಟು ಕಟ್ಟುತ್ತಿದ್ದೆ. ಸಾಹೇಬರು ಕರೆಸಿ ಕೈಗೊಂದು ಹುಕುಂ ಕೊಟ್ಟರು. ನೌಕರಿ ಪಕ್ಕಾ ಆಗಿತ್ತು. ಕೆಲಸ ಆಪರೇಶನ್ ಕೋಣೆಯಲ್ಲಿ, ಚಾಕು ಕತ್ತರಿ ಕುದಿಸುವುದು.

"ಕ್ರಿಮಿ ಕೊಲ್ಲೋದ್ರಾಗ ನಿನ್ನಂಥಾಂವ ನನಗ ಇನ್ನೊಬ್ಬ ಸಿಗಂಗಿಲ್ಲ," ಎಂದರು.

ಹೊರಗೆ ಕಟ್ಟೆಯ ಮೇಲೆ ಕೂತು, ನಾಚಿಕೆ ಬಿಟ್ಟು ಅತ್ತೆ.