ಎರಡನೇ ಆಂಪ್ಲಿಫೈಯರ್ ಮತ್ತು ಮೇಲಿನ ಸ್ಥಾಯಿ

ನಮ್ಮ ಮನೆಯ ಸ್ಟೀರಿಯೋ ನನ್ನದು. ಕಾಲೇಜಿನಲ್ಲಿ ಕೆಲಸ ಖಾಯಂ ಆದ ವರ್ಷ ಕೊಂಡದ್ದು. ಬೆಲೆಯನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ. ಎದೆಯೆತ್ತರದ ಎರಡು ಸ್ಪೀಕರು, ಒಂದು ಆಂಪ್ಲಿಫೈಯರು. ಕಡೂರಿನ ನಮ್ಮ ನಡುಮನೆಗೆ ಅದು ದೊಡ್ಡದೇ. ಅಮ್ಮ ಸ್ಪೀಕರುಗಳಿಗೆ ಕಸೂತಿ ಬಟ್ಟೆ ಹೊದಿಸುತ್ತಿದ್ದಳು, ನಾನು ತೆಗೆಯುತ್ತಿದ್ದೆ, ಅವಳು ಮತ್ತೆ ಹೊದಿಸುತ್ತಿದ್ದಳು. ಈ ವಿಷಯವಾಗಿ ನಾವು ಎಂದೂ ಮಾತಾಡಿದ್ದಿಲ್ಲ.

ಅದನ್ನು ನನಗಿಂತ ಹೆಚ್ಚು ಕೇಳುವವರು ಅಪ್ಪ. ಅವರು ಹಾರ್ಮೋನಿಯಂ ರಿಪೇರಿ ಮಾಡುತ್ತಾರೆ. ಕಡೂರು, ತರೀಕೆರೆ, ಅಜ್ಜಂಪುರದ ಭಜನೆಯವರ, ನಾಟಕದವರ ಪೆಟ್ಟಿಗೆಗಳೆಲ್ಲ ನಮ್ಮ ಜಗಲಿಗೆ ಬರುತ್ತವೆ. ಒಂದೊಂದು ಸ್ವರಕ್ಕೆ ಎರಡು ಹಿತ್ತಾಳೆ ರೀಡು. ಎರಡೂ ಸರಿಸಮ ಇದ್ದರೆ ನಾದ ನೆಟ್ಟಗೆ ನಿಲ್ಲುತ್ತದೆ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಅಲೆಯಾಡುತ್ತದೆ. ಆ ಅಲೆ ನಿಲ್ಲುವವರೆಗೆ ರೀಡನ್ನು ಕೆರೆಯುವುದು ಅಪ್ಪನ ಕೆಲಸ. ಯಂತ್ರ ಬಳಸುವುದಿಲ್ಲ. ಕಣ್ಣು ಮುಚ್ಚಿ ಕೇಳುತ್ತಾರೆ. ಸರಿಯಾದಾಗ ತೊಡೆಯ ಮೇಲಿನ ತೋರುಬೆರಳು ತಾನಾಗಿ ಮೇಲೇಳುತ್ತದೆ. ರಜಾದಿನಗಳಲ್ಲಿ ತಿದಿ ಒತ್ತುವವಳು ನಾನು, ಬೆರಳು ಎದ್ದಾಗ ನಿಲ್ಲಿಸುತ್ತೇನೆ. ಅವರಿಗೆ ಬೇರೆ ಕೆಲಸ ಬರುವುದಿಲ್ಲ, ಬೇರೆ ಕೆಲಸ ಬೇಕಾಗಿಯೂ ಇರಲಿಲ್ಲ.

ಹೋದ ವರ್ಷ ಅಜ್ಜಂಪುರದ ಭಜನೆಯವರ ಪೆಟ್ಟಿಗೆ ವಾಪಸ್ ಬಂತು. ಮೇಲಿನ ಸ್ಥಾಯಿ ಸರಿಯಿಲ್ಲ ಎಂದರು.

“ಬಾರ್ಸೋನ್ ಕೈ ಸರಿ ಇಲ್ಲ, ಪೆಟ್ಗೆ ಏನ್ ಮಾಡ್ತೈತೆ?” ಎಂದು ಅಪ್ಪ ಅದನ್ನು ಮೂಲೆಗಿಟ್ಟರು. ಬಿಚ್ಚಿಯೂ ನೋಡಲಿಲ್ಲ. ಅದೇ ವಾರ ಸ್ಟೀರಿಯೋ ಮುಂದೆ ಕೂತು, “ಪಿಟೀಲು ಮೇಲಕ್ಕೆ ಹೋದ್ರೆ ಮಂಕಾಯ್ತದೆ ಕಣೇ. ನಿನ್ ಮಿಷನ್ನಿಗೆ ದಮ್ಮಿಲ್ಲ” ಎಂದರು.

ನನಗೆ ಮಂಕು ಕೇಳಿಸಿರಲಿಲ್ಲ. ಆಗಲೇ ಹಾಗೆಂದು ಹೇಳಬಹುದಿತ್ತು. ಬದಲಿಗೆ, ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ನಾನು, “ಇನ್ನೊಂದು ಆಂಪ್ಲಿಫೈಯರ್ ಹಾಕೋಣ” ಎಂದೆ. ಸ್ಪೀಕರಿನ ಮೇಲಿನ ಭಾಗ ಮೇಲಿನ ಸ್ಥಾಯಿಯ ಸಣ್ಣ ಸ್ವರಗಳಿಗೆ, ಕೆಳಗಿನದು ಕೆಳಗಿನ ಸ್ಥಾಯಿಯ ದಪ್ಪ ಸ್ವರಗಳಿಗೆ. ಒಂದೊಂದಕ್ಕೆ ಒಂದೊಂದು ಆಂಪ್ಲಿಫೈಯರ್ ಕೊಟ್ಟರೆ ಎರಡನ್ನೂ ಬೇರೆ ಬೇರೆ ಏರಿಸಿ ಇಳಿಸಬಹುದು. ಎರಡು ತಿಂಗಳಿನಿಂದ ನಾನೂ ಅದನ್ನೇ ಕೊಳ್ಳಲು ನೆಪ ಹುಡುಕುತ್ತಿದ್ದೆ ಎಂಬುದು ಬೇರೆ ಮಾತು.

ಒಂದು ಭಾನುವಾರ ಬೆಳಿಗ್ಗೆ ತರೀಕೆರೆಯ ಮೈಕ್‌ಸೆಟ್ಟಿನವರೊಬ್ಬರು ಬಂದರು. ಅಪ್ಪನ ಹಳೆಯ ಶಿಷ್ಯರು, ಈಗ ಮದುವೆಗಳಿಗೆ ಮೈಕು ಬಾಡಿಗೆ ಕೊಡುತ್ತಾರೆ. ನಾನು ಕೊಂಡ ಹೊಸ ಆಂಪ್ಲಿಫೈಯರನ್ನು ಎತ್ತಲು ಇಬ್ಬರು ಬೇಕಿತ್ತು. ನಾನು ಸ್ಪೀಕರಿನ ಹಿಂದೆ ಎರಡು ಭಾಗಗಳನ್ನು ಕೂಡಿಸುವ ಲೋಹದ ಪಟ್ಟಿ ಬಿಚ್ಚಿ, ವೈರು ಜೋಡಿಸಿ, ಎರಡು ಸಲ ಪರೀಕ್ಷಿಸಿದೆ. ಅಮ್ಮ ಅರಿಶಿನ ಕುಂಕುಮ ಇಡದೆ ಸ್ವಿಚ್ ಹಾಕಲು ಬಿಡಲಿಲ್ಲ. ಆಂಪ್ಲಿಫೈಯರಿನ ಅಂಕಿಗಳಿರುವ ಗಾಜಿನ ಮೇಲೆಯೇ ಇಟ್ಟಳು.

ಸಣ್ಣ ಸ್ವರಗಳನ್ನು ಏರಿಸುವ ಗುಂಡಿ ಹೊಸ ಆಂಪ್ಲಿಫೈಯರಿನ ಹಿಂಭಾಗದಲ್ಲಿತ್ತು, ಒಂದರಿಂದ ಹತ್ತರವರೆಗೆ. ಮೈಕ್‌ಸೆಟ್ಟಿನವರು ಅದರ ಪಕ್ಕ ಕುಕ್ಕರಗಾಲಲ್ಲಿ ಕೂತರು. ಅಪ್ಪ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ, ಬೆರಳನ್ನು ತೊಡೆಯ ಮೇಲಿಟ್ಟುಕೊಂಡರು. ನಾನು ಪಿಟೀಲು ಹಾಕಿದೆ.

ಒಂದರಲ್ಲಿ ನನಗೆ ಸರಿಯೆನಿಸಿತು. ಬೆರಳು ಏಳಲಿಲ್ಲ. ಮೂರಕ್ಕೆ ಅಮ್ಮ ಅಡುಗೆಮನೆಯ ಬಾಗಿಲು ಹಾಕಿಕೊಂಡಳು. ಐದಕ್ಕೆ ಜಗಲಿಯಲ್ಲಿ ಮಲಗಿದ್ದ ನಾಯಿ ಎದ್ದು ಎದುರುಮನೆಗೆ ಹೋಯಿತು. ಸ್ಟೀಲ್ ತಟ್ಟೆಯ ಮೇಲೆ ಚಮಚ ಎಳೆದ ಹಾಗಿತ್ತು.

“ಸಾಕಾ ಮೇಷ್ಟ್ರೇ?”

“ಇನ್ನೊಂಚೂರು ಬರ್ಲಿ ಕಣೋ.”

“ಮದ್ವೆ ಮನೇಲಿ ಇಷ್ಟು ಬಿಟ್ರೆ ಬೀಗ್ರು ಊಟ ಬಿಟ್ಟು ಎದ್ದೋಯ್ತಾರೆ ಕಣ್ರೀ!”

“ನಿನ್ ಮದ್ವೆಮನೆ ಗಲಾಟೆ ನಂಗ್ ಹೇಳ್ಬೇಡ. ಇನ್ನೂ ಏರ್ಸೋ.”

ಒಂಬತ್ತರಲ್ಲಿ ಬೆರಳು ಮೇಲೆದ್ದಿತು. ಅಪ್ಪನ ಮುಖ ಅರಳಿತು. “ಈಗ ನೋಡು, ಈಗ ಪಿಟೀಲು ಅಂದ್ರೆ!” ಎಂದು ಕಣ್ಣು ತೆರೆದರು.

ಮೈಕ್‌ಸೆಟ್ಟಿನವರು ಒಂದು ಕಿವಿಯನ್ನು ಭುಜಕ್ಕೊತ್ತಿ ಇನ್ನೊಂದನ್ನು ಅಂಗೈಯಲ್ಲಿ ಮುಚ್ಚಿಕೊಂಡಿದ್ದರು. ನಾನು ಮುಚ್ಚಿಕೊಂಡಿರಲಿಲ್ಲ, ಆದರೆ ಗೋಡೆಯವರೆಗೂ ಹಿಂದೆ ಸರಿದಿದ್ದೆ. ಅಪ್ಪ ಇಬ್ಬರನ್ನೂ ನೋಡಿದರು. ಆಗಲೂ ಅವರಿಗೆ ಅರ್ಥವಾಗದಿದ್ದರೆ ನಾನಾಗಿ ಹೇಳುತ್ತಿರಲಿಲ್ಲ.

“ನಿಂಗೆ ಎಷ್ಟರಲ್ಲಿ ಸರಿ ಇತ್ತು?” ಎಂದು ನನ್ನನ್ನು ಕೇಳಿದರು.

“ಒಂದರಲ್ಲಿ.”

“ಈಗ ಎಷ್ಟೈತೆ?”

“ಒಂಬತ್ತು.”

“ಹೂಂ” ಎಂದರು.

“ಮೇಷ್ಟ್ರೇ, ಕೇಬಲ್ ಲೂಜಿರ್ಬೋದು, ಬೇರೆ ಹಾಕ್ಲಾ?” ಎಂದರು ಮೈಕ್‌ಸೆಟ್ಟಿನವರು. ಒಳ್ಳೆಯ ಮನುಷ್ಯ.

“ಲೂಜಾಗಿರೋ ಕೇಬಲ್ಲು ಇಲ್ಲೈತೆ ಕಣೋ” ಎಂದು ಅಪ್ಪ ತಮ್ಮ ಕಿವಿ ಮುಟ್ಟಿ ತೋರಿಸಿದರು. “ಒಂದಕ್ಕೆ ಇಟ್ಬಿಡು.”

ಉಪ್ಪಿಟ್ಟು ತಿಂದು ಮೈಕ್‌ಸೆಟ್ಟಿನವರು ಹೊರಟ ಮೇಲೆ ಅಪ್ಪ ಅಜ್ಜಂಪುರಕ್ಕೆ ಫೋನು ಮಾಡಿದರು. “ನಿಮ್ ಬಾರ್ಸೋರ್ ಕೈ ಸರಿಯಾಗೈತೆ. ನಾನೇ ಸುಮ್ನೆ ಅಂದೆ. ಕೆಳಗಿಂದು ನಾನ್ ನೋಡ್ತೀನಿ, ಮೇಲಿಂದು ಮಗಳು ನೋಡ್ತಾಳೆ. ಮಂಗಳವಾರ ಬನ್ನಿ.”

ನನ್ನನ್ನು ಕೇಳಿರಲಿಲ್ಲ. ಸೋಮವಾರ ಎರಡು ಕ್ಲಾಸಿದ್ದವು. ರಜೆ ಅರ್ಜಿಯಲ್ಲಿ ಕಾರಣ ‘ಮನೆಯ ಕೆಲಸ’ ಎಂದು ಬರೆದೆ.

ಆ ದಿನ ಜಗಲಿಯಲ್ಲಿ ಅಪ್ಪ ತಿದಿ ಒತ್ತಿದರು, ನಾನು ಕೆರೆದೆ. ಮೊದಲ ರೀಡಿನಲ್ಲಿ ಅಲೆ ನಿಧಾನವಾಗಿ ನಿಂತಿತು, ನಾನು ಕೈ ನಿಲ್ಲಿಸಲಿಲ್ಲ, ಮತ್ತೆ ಶುರುವಾಯಿತು. ಅಪ್ಪನಿಗೆ ಅದು ಕೇಳಿಸುತ್ತಿರಲಿಲ್ಲ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

“ಜಾಸ್ತಿ ಆಯ್ತಾ?”

“ಆಯ್ತು.”

“ಬುಡದಲ್ಲಿ ಕೆರಿ, ಸ್ವರ ಇಳಿಯುತ್ತೆ. ಪಾತ್ರೆ ಉಜ್ಜಿದಂಗೆ ಉಜ್ಜಬೇಡ.”

ಸಂಜೆಯ ಹೊತ್ತಿಗೆ ನಾಲ್ಕು ರೀಡು ಮುಗಿದಿದ್ದವು. ಅಪ್ಪ ಅಜ್ಜಂಪುರಕ್ಕೆ ಮತ್ತೆ ಫೋನು ಮಾಡಿ, ಮಂಗಳವಾರ ಬೇಡ, ಮುಂದಿನ ವಾರ ಬನ್ನಿ ಎಂದರು. ಯಾಕೆಂದು ಅವರು ಕೇಳಿರಬೇಕು. “ಕೆಲಸ ಕಲೀತಾವ್ಳೆ” ಎಂದು ಫೋನಿಟ್ಟು, ಐದನೆಯ ರೀಡನ್ನು ನನ್ನ ಮುಂದೆ ಸರಿಸಿದರು.